ಅಮಾವಾಸ್ಯೆಗೆ ಕಂಡ ಹುಣ್ಣು ಹುಣ್ಣಿಮೆಗೆ ಇರಬಾರದು: ಬಾಯಿ ಕ್ಯಾನ್ಸರ್ ತಪಾಸಣೆಯ ಸಮಗ್ರ ಮಾರ್ಗದರ್ಶಿ

ಬಾಗಲಕೋಟೆ ಜಿಲ್ಲೆಯ ತಾಲೂಕು ಊರೊಂದರಲ್ಲಿ ನನ್ನ ಹಲ್ಲಿನ ದವಾಖಾನೆ ಇದೆ. ಗುಟಕಾ, ತಂಬಾಕು, ಎಲೆ-ಅಡಿಕೆ ಹಾಕುವ ಪ್ರತಿಯೊಬ್ಬರಿಗೂ ತಿಂಗಳಿಗೊಮ್ಮೆ ಬಾಯಿ ನೋಡಿಕೊಳ್ಳಲು ಹೇಳಿ ಕಳಿಸುತ್ತೇನೆ. ಮುಂದಿನ ಸಲ ಬಂದಾಗ ಕೇಳಿದರೆ "ನೋಡ್ಕೊಂಡೀನ್ರಿ ಡಾಕ್ಟರ, ಏನಿಲ್ಲ" ಅನ್ನುತ್ತಾರೆ. ಹೇಗೆ ನೋಡಿಕೊಂಡಿರಿ, ತೋರಿಸಿ ಎಂದು ಕೈಗೆ ಕನ್ನಡಿ ಕೊಟ್ಟರೆ, ಈ ಎಂದು ಹಲ್ಲು ಕಿರಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ, ಕನ್ನಡಿ ವಾಪಸ್ ಕೊಡುತ್ತಾರೆ. ಅವರು ನೋಡಿದ್ದು ಹಲ್ಲನ್ನು. ಕ್ಯಾನ್ಸರ್ ಹುಟ್ಟುವುದು ಹಲ್ಲಿನ ಸುತ್ತಲಿನ ಮೆತ್ತನೆಯ ಭಾಗದಲ್ಲಿ. ಅದರಲ್ಲೂ ಹಲ್ಲು ಕಿರಿದಾಗ ಕಾಣದೇ ಇರುವ ಮೂರು ಜಾಗಗಳಲ್ಲಿ: ಕೆನ್ನೆ ಮತ್ತು ಕೆಳಗಿನ ಒಸಡು ಕೂಡುವ ಸಂದು, ನಾಲಿಗೆಯ ಅಂಚು, ನಾಲಿಗೆಯ ಕೆಳಗಿನ ನೆಲ. ಈ ಮೂರನ್ನು ಬಿಟ್ಟು ಮಿಕ್ಕಿದ್ದೆಲ್ಲ ನೋಡಿದರೆ ತಪಾಸಣೆ ಆಗಿಲ್ಲ ಎಂದೇ ಲೆಕ್ಕ.

ಅದಕ್ಕಾಗಿ ಮನೆಯ ಕನ್ನಡಿಯಿಂದ ಬಯಾಪ್ಸಿ (ತುಣುಕು ತೆಗೆದು ಮಾಡುವ ಪರೀಕ್ಷೆ) ವರದಿಯವರೆಗೆ ಯಾವುದರ ನಂತರ ಯಾವುದು ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಕ್ರಮ ತಪ್ಪಿಸಬೇಡಿ.

## ಯಾರು, ಯಾವಾಗ

ಯಾವುದೇ ರೂಪದಲ್ಲಿ ತಂಬಾಕು ಅಥವಾ ಅಡಿಕೆ ಬಾಯಿಗೆ ಹೋಗುತ್ತಿದ್ದರೆ ವಯಸ್ಸು ನೋಡಬೇಡಿ, ತಿಂಗಳಿಗೊಮ್ಮೆ ಮನೆಯಲ್ಲಿ, ಆರು ತಿಂಗಳಿಗೊಮ್ಮೆ ಹಲ್ಲಿನ ಡಾಕ್ಟರ ಹತ್ತಿರ. ನಿಪ್ಪಾಣಿ, ಚಿಕ್ಕೋಡಿ ಕಡೆ ಮಿಸ್ರಿಯಿಂದ ಹಲ್ಲುಜ್ಜುವ ಅವ್ವಂದಿರು "ನಾ ತಂಬಾಕ ತಿನ್ನಂಗಿಲ್ರಿ" ಎನ್ನುತ್ತಾರೆ. ಮಿಸ್ರಿ ಎಂದರೆ ಸುಟ್ಟ ತಂಬಾಕು. ಲೆಕ್ಕಕ್ಕೆ ಬರುತ್ತದೆ. ಹಾಗೆಯೇ "ಬರೇ ಸುಪಾರಿ" ಅನ್ನುವವರೂ ಬರುತ್ತಾರೆ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ತಂಬಾಕಿನ ಜೊತೆ ಸೆರೆಯೂ ಇದ್ದರೆ ಅಪಾಯ ಇನ್ನಷ್ಟು.

ಯಾವ ಚಟವೂ ಇಲ್ಲದವರು 30 ದಾಟಿದ ಮೇಲೆ, ಹಲ್ಲಿಗೆಂದು ಹೋದಾಗಲೆಲ್ಲ ಇಡೀ ಬಾಯಿ ನೋಡಿಸಿಕೊಂಡರೆ ಸಾಕು.

ಮನೆಯ ತಪಾಸಣೆಗೆ ನಾನು ಹೇಳುವ ದಿನ ಅಮಾವಾಸ್ಯೆ. ನಮ್ಮ ಕಡೆ ಅವತ್ತು ಎತ್ತು ಹೂಡುವುದಿಲ್ಲ, ಮನೆಮಂದಿ ಮನೆಯಲ್ಲೇ ಇರುತ್ತಾರೆ, ಒಬ್ಬರ ಬಾಯಿ ಒಬ್ಬರು ನೋಡಬಹುದು. ಇನ್ನೊಂದು ಅನುಕೂಲವಿದೆ, ಅದು ಏಳನೇ ಹಂತದಲ್ಲಿ ಬರುತ್ತದೆ.

## ಬೇಕಾಗುವ ಸಾಮಾನು

ಅಂಗೈಯಗಲದ ಕನ್ನಡಿ. ಬ್ಯಾಟರಿ ಅಥವಾ ಮೊಬೈಲಿನ ಟಾರ್ಚ್. ಕೈ ಕರ್ಚೀಫಿನಷ್ಟು ಒಗೆದ ಹತ್ತಿ ಬಟ್ಟೆ, ಇದು ನಾಲಿಗೆ ಹಿಡಿಯಲು. ಕೆನ್ನೆ ಸರಿಸಲು ಒಂದು ಸ್ಟೀಲ್ ಚಮಚ. ಒಂದು ಪೆನ್ನು, ಗೋಡೆಯ ಕ್ಯಾಲೆಂಡರ್. ಇಷ್ಟೇ.

ಯಂತ್ರವಿಲ್ಲದೆ ಏನು ಗೊತ್ತಾಗುತ್ತದೆ ಎಂದು ಕೇಳುವವರಿದ್ದಾರೆ. ಕೇರಳದ ತಿರುವನಂತಪುರ ಭಾಗದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಕಣ್ಣಿನಿಂದಲೇ ಬಾಯಿ ನೋಡಿದರು. 2005ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ, ತಂಬಾಕು ಅಥವಾ ಸೆರೆಯ ಚಟ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿತ್ತು. ಬೆಳಕು ಮತ್ತು ಕಣ್ಣು, ಅಷ್ಟರಿಂದಲೇ.

## ಹಂತ 1: ಬಾಯಿ ತೊಳೆದು, ಸೆಟ್ ತೆಗೆದು ಕೂಡುವುದು

ಸಾಬೂನಿನಿಂದ ಕೈ ತೊಳೆಯಿರಿ. ಎಲೆ-ಅಡಿಕೆಯ ಕೆಂಪು, ತಂಬಾಕಿನ ಪುಡಿ ಹೋಗುವಂತೆ ಮೂರ್ನಾಲ್ಕು ಸಲ ಬಾಯಿ ಮುಕ್ಕಳಿಸಿ. ಕೆಂಪು ಮೆತ್ತಿದ ಬಾಯಲ್ಲಿ ನಿಜವಾದ ಕೆಂಪು ಮಚ್ಚೆ ಕಾಣುವುದಿಲ್ಲ.

ತೆಗೆದು ಹಾಕುವ ಹಲ್ಲಿನ ಸೆಟ್ ಇದ್ದರೆ ತೆಗೆದಿಡಿ. ವಯಸ್ಸಾದವರಲ್ಲಿ ಆಗುವ ಮುಖ್ಯ ತಪ್ಪು ಇದೇ. ಸೆಟ್ಟಿನ ಅಂಚು ಒತ್ತುವ ಕಡೆಯೇ ಹುಣ್ಣು ಇರುತ್ತದೆ, ಸೆಟ್ ಹಾಕಿಕೊಂಡೇ ಕನ್ನಡಿ ನೋಡುತ್ತಾರೆ.

ಬಾಗಿಲ ಹೊರಗೆ ಕಟ್ಟೆಯ ಮೇಲೆ, ಹಗಲು ಬೆಳಕಿಗೆ ಮುಖ ಮಾಡಿ ಕೂಡಿ. ಬಚ್ಚಲ ಮನೆಯ ಹಳದಿ ಬಲ್ಬಿನಲ್ಲಿ ಬಿಳಿ ಮಚ್ಚೆ ಮಾಸಿ ಹೋಗುತ್ತದೆ.

## ಹಂತ 2: ಮೂರು ಬೆರಳಿನ ಅಳತೆ

ಒಳಗೆ ನೋಡುವ ಮೊದಲು ಬಾಯಿ ಎಷ್ಟು ತೆರೆಯುತ್ತದೆ ನೋಡಿ. ನಿಮ್ಮದೇ ತೋರುಬೆರಳು, ನಡುಬೆರಳು, ಉಂಗುರ ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಮುಂಹಲ್ಲಿನ ನಡುವೆ ಇಡಿ. ಮೂರೂ ಹಿಡಿದರೆ ಸರಿ. ಎರಡೇ ಹಿಡಿದರೆ, ಅಥವಾ ಹೋದ ವರ್ಷ ಹಿಡಿದದ್ದು ಈಗ ಹಿಡಿಯದಿದ್ದರೆ, ಮುಂದಿನ ಹಂತಗಳಲ್ಲಿ ಏನೂ ಕಾಣದಿದ್ದರೂ ಡಾಕ್ಟರಿಗೆ ತೋರಿಸಲೇಬೇಕು.

ಅಡಿಕೆ, ಪಾನ್ ಮಸಾಲಾ, ಮಾವಾ (ಅಡಿಕೆ, ತಂಬಾಕು, ಸುಣ್ಣ ತಿಕ್ಕಿದ್ದು) ತಿನ್ನುವವರಲ್ಲಿ ಕೆನ್ನೆಯ ಒಳಪದರ ನಾರುಗಟ್ಟುತ್ತದೆ. ಡಾಕ್ಟರರು ಇದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಕ್ಯಾನ್ಸರಿಗೆ ಮುಂಚಿನ ಸ್ಥಿತಿ ಇದು. ಇದರ ಮೊದಲ ಸುಳಿವು ಕನ್ನಡಿಯಲ್ಲಿ ಸಿಗುವುದಿಲ್ಲ, ಊಟದ ತಟ್ಟೆಯಲ್ಲಿ ಸಿಗುತ್ತದೆ. ಹಸಿ ಮೆಣಸಿನಕಾಯಿ ಕಡಿಯುತ್ತ ರೊಟ್ಟಿ ತಿನ್ನುತ್ತಿದ್ದ ಹುಡುಗ ಈಗ ರಂಜಕದ ಡಬ್ಬಿ ಮುಟ್ಟುವುದಿಲ್ಲ, ಎಲ್ಲಕ್ಕೂ ಮೊಸರು ಕಲಸಿಕೊಳ್ಳುತ್ತಾನೆ. ತಾಯಂದಿರಿಗೆ ಇದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಮಗ ಖಾರ ಬಿಟ್ಟಿದ್ದಾನೆ ಎಂದರೆ ಅವನ ಮೂರು ಬೆರಳು ಅಳೆಯಿರಿ.

ಅಡಿಕೆ ಬಿಟ್ಟರೆ ನಾರು ಬೆಳೆಯುವುದು ನಿಲ್ಲಬಹುದು, ಗಟ್ಟಿಯಾದದ್ದು ಪೂರ್ತಿ ಮೊದಲಿನಂತೆ ಆಗುವುದು ಕಷ್ಟ. ಹಾಗಾಗಿ ಎರಡೂವರೆ ಬೆರಳು ಇರುವಾಗಲೇ ಬನ್ನಿ.

## ಹಂತ 3: ತುಟಿ, ಕೆನ್ನೆ, ಒಸಡಿನ ಸಂದು

ಕೆಳತುಟಿಯನ್ನು ಎರಡೂ ಕೈಯಿಂದ ಹಿಡಿದು ಕೆಳಗೆ ಮಡಚಿ ಒಳಭಾಗ ನೋಡಿ. ಮೇಲ್ತುಟಿಯನ್ನು ಮೇಲಕ್ಕೆ ಮಡಚಿ.

ಈಗ ಕೆನ್ನೆ. ಚಮಚದ ಹಿಂಬದಿಯನ್ನು ಕೆನ್ನೆಯೊಳಗೆ ಇಟ್ಟು ಹೊರಕ್ಕೆ ಎಳೆಯಿರಿ. ಬಾಯಿಯನ್ನು ಪೂರ್ತಿ ತೆರೆಯಬೇಡಿ, ಅರ್ಧ ಮುಚ್ಚಿದಾಗ ಕೆನ್ನೆ ಸಡಿಲಾಗಿ ಹೆಚ್ಚು ಸರಿಯುತ್ತದೆ. ಬಹಳ ಮಂದಿ ಇಲ್ಲೇ ತಪ್ಪುತ್ತಾರೆ, ಆ ಎಂದು ದೊಡ್ಡದಾಗಿ ಬಾಯಿ ತೆಗೆದು ಚಮಚ ಹಾಕುತ್ತಾರೆ, ಕೆನ್ನೆ ಬಿಗಿದುಕೊಂಡು ಸಂದು ಮುಚ್ಚುತ್ತದೆ. ತುಟಿಯ ಮೂಲೆಯಿಂದ ಶುರು ಮಾಡಿ ಕೊನೆಯ ದವಡೆ ಹಲ್ಲಿನ ಹಿಂದಿನವರೆಗೂ ಬೆಳಕು ಹಾಯಿಸಿ.

ತಂಬಾಕು ಇಟ್ಟುಕೊಳ್ಳುವ ಜಾಗ ಪ್ರತಿಯೊಬ್ಬರಿಗೂ ಒಂದಿರುತ್ತದೆ. ಬಲಗಡೆ ಇಡುವವರು ಬಲಗಡೆಯೇ ಇಡುತ್ತಾರೆ. ಆ ಸಂದಿಗೆ ಎರಡು ಪಟ್ಟು ಸಮಯ ಕೊಡಿ. ಅಲ್ಲಿನ ಒಳಚರ್ಮ ಬೆಳ್ಳಗೆ, ಸುಕ್ಕುಸುಕ್ಕಾಗಿ, ನೀರಲ್ಲಿ ಬಹಳ ಹೊತ್ತು ನೆನೆದ ಬೆರಳ ತುದಿಯಂತೆ ಕಂಡರೆ ಅದು ತಂಬಾಕಿನ ಗುರುತು. ಜಾಗ ಬದಲಿಸಿ ಇನ್ನೊಂದು ಕಡೆ ಇಡುವುದು ಪರಿಹಾರವಲ್ಲ. ನನ್ನ ಹತ್ತಿರ ಬರುವವರಲ್ಲಿ ಇದನ್ನೇ ಉಪಾಯವೆಂದು ಹೇಳುವವರಿದ್ದಾರೆ, ಅವರ ಎರಡೂ ಕೆನ್ನೆಯಲ್ಲಿ ಮಚ್ಚೆ ಇರುತ್ತದೆ.

ಬಿಳಿ ಮಚ್ಚೆ ಕಂಡರೆ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಮೊಸರಿನ ಕೆನೆಯಂತೆ ಎದ್ದು ಬಂದರೆ ಅದು ಬಹುಶಃ ಬೂಸ್ಟು ಸೋಂಕು, ಸಕ್ಕರೆ ಕಾಯಿಲೆಯವರಲ್ಲಿ, ಸೆಟ್ ಹಾಕುವವರಲ್ಲಿ, ದಮ್ಮಿಗೆ ಪಂಪ್ ಎಳೆಯುವವರಲ್ಲಿ ಸಾಮಾನ್ಯ, ಅದಕ್ಕೂ ಔಷಧಿ ಬೇಕು. ಒರೆಸಿದರೂ ಹೋಗದ ಬಿಳಿ ಮಚ್ಚೆಯನ್ನು ತಾರೀಖು ಹಾಕಿ ಬರೆಯಿರಿ. ಉಗುರಿನಿಂದ ಕೆರೆಯಬೇಡಿ. ಮಖಮಲ್ಲಿನಂಥ ಕೆಂಪು ಮಚ್ಚೆ ಇನ್ನೂ ಕೆಟ್ಟದ್ದು. ನೋವಿರುವುದಿಲ್ಲ, ಉಬ್ಬಿರುವುದಿಲ್ಲ, ಹಾಗಾಗಿ ಜನ ಬಿಟ್ಟುಬಿಡುತ್ತಾರೆ. ಬಿಳಿಗಿಂತ ಕೆಂಪಿಗೆ ನಾನು ಹೆಚ್ಚು ಹೆದರುತ್ತೇನೆ. ಬಿಳಿಯ ನಡುವೆ ಕೆಂಪು ಚುಕ್ಕೆ ಇದ್ದರೂ ಅಷ್ಟೇ.

ಕೊನೆಗೆ ಹೆಬ್ಬೆರಳು ಹೊರಗೆ, ತೋರುಬೆರಳು ಒಳಗೆ ಇಟ್ಟು ಇಡೀ ಕೆನ್ನೆಯನ್ನು ನಿಧಾನ ಹಿಂಡುತ್ತ ಬನ್ನಿ. ಗಂಟು, ಗಡಸು ಪಟ್ಟಿ ಕೈಗೆ ಸಿಗುತ್ತದೆಯೇ ನೋಡಿ. ಎರಡೂ ಕಡೆ ಮಾಡಿದರೆ ಮಾತ್ರ ಹೋಲಿಕೆ ಸಿಗುತ್ತದೆ.

## ಹಂತ 4: ನಾಲಿಗೆಯ ಅಂಚು, ನಾಲಿಗೆಯ ಕೆಳಗೆ

ನಾಲಿಗೆ ಹೊರಗೆ ಚಾಚಿ ಮೇಲ್ಭಾಗ ನೋಡುವುದು ಎಲ್ಲರಿಗೂ ಬರುತ್ತದೆ. ರೋಗ ಬರುವುದು ಹೆಚ್ಚಾಗಿ ಅಂಚಿನಲ್ಲಿ. ಬಟ್ಟೆಯಿಂದ ನಾಲಿಗೆಯ ತುದಿ ಹಿಡಿಯಿರಿ, ಬರಿಗೈಗೆ ಜಾರುತ್ತದೆ. ತುದಿಯನ್ನು ಎಡಕ್ಕೆ ಎಳೆದು ಬಲ ಅಂಚನ್ನು, ಬಲಕ್ಕೆ ಎಳೆದು ಎಡ ಅಂಚನ್ನು ಹಿಂದಿನವರೆಗೆ ನೋಡಿ. ಆಮೇಲೆ ಎರಡು ಬೆರಳಲ್ಲಿ ಅಂಚನ್ನು ಒತ್ತಿ ನೋಡಿ.

ಈ ಹಂತ ಇನ್ನೊಬ್ಬರಿಂದ ಮಾಡಿಸಿಕೊಂಡರೆ ಚೆನ್ನ. ಗಂಡ ಹೆಂಡತಿಗೆ, ಮಗಳು ಅವ್ವನಿಗೆ ಬ್ಯಾಟರಿ ಹಿಡಿಯಲಿ.

ಚೂಪು ಹಲ್ಲು ತಾಗಿ ಅಂಚಿನಲ್ಲಿ ಹುಣ್ಣಾಗುವುದುಂಟು. ಆ ಹಲ್ಲನ್ನು ಉಜ್ಜಿಸಿ ನಯ ಮಾಡಿದ ಮೇಲೆ ಹುಣ್ಣು ಎರಡು ವಾರದಲ್ಲಿ ಮಾಯಬೇಕು. "ಹಲ್ಲ ಹತ್ತತೈತ್ರಿ, ಅದಕ್ಕ ಆಗೇತಿ" ಎಂದು ತಿಂಗಳುಗಟ್ಟಲೆ ಕೂರಬೇಡಿ.

ಈಗ ನಾಲಿಗೆಯನ್ನು ಮಡಚಿ ಅಂಗುಳಕ್ಕೆ ಹಚ್ಚಿ, ಕೆಳಗಿನ ನೆಲ ನೋಡಿ. ಒಂದು ಬೆರಳು ಬಾಯೊಳಗೆ, ಇನ್ನೊಂದು ಕೈ ಗದ್ದದ ಕೆಳಗೆ ಇಟ್ಟು ನಡುವಿನ ಮಾಂಸವನ್ನು ಒತ್ತಿ ನೋಡಿ.

## ಹಂತ 5: ಅಂಗುಳ, ಗಂಟಲು

ತಲೆ ಹಿಂದಕ್ಕೆ ವಾಲಿಸಿ, ಕನ್ನಡಿ ಕೆಳಗಿಟ್ಟು ಅಂಗುಳ ನೋಡಿ. ಆ ಎಂದು ದನಿ ತೆಗೆದು ಗಂಟಲ ಬಾಗಿಲು ನೋಡಿ. ಬೀಡಿ, ಚುಟ್ಟಾ ಸೇದುವವರು ಅಂಗುಳಕ್ಕೆ ಹೆಚ್ಚು ಗಮನ ಕೊಡಲಿ.

## ಹಂತ 6: ಕುತ್ತಿಗೆ

ಕಿವಿಯ ಕೆಳಗಿನಿಂದ ದವಡೆಯ ಅಂಚಿನುದ್ದಕ್ಕೂ ಗದ್ದದವರೆಗೆ, ಆಮೇಲೆ ಕುತ್ತಿಗೆಯ ಎರಡೂ ಬದಿಯಲ್ಲಿ ಕೊರಳ ಬುಡದ ಕಾಲರ್ ಎಲುಬಿನವರೆಗೆ ಬೆರಳ ತುದಿಯಿಂದ ಒತ್ತುತ್ತ ಬನ್ನಿ. ಹಲ್ಲು ಬೇನೆಗೆ, ನೆಗಡಿಗೆ ಬರುವ ಗಡ್ಡೆ ಮುಟ್ಟಿದರೆ ನೋಯುತ್ತದೆ, ಮೆತ್ತಗಿರುತ್ತದೆ, ಸಾಮಾನ್ಯವಾಗಿ ಕೆಲವು ವಾರದಲ್ಲಿ ಕರಗುತ್ತದೆ. ನೋವಿಲ್ಲದ, ಗಟ್ಟಿಯಾದ, ಅಲುಗದ ಗಡ್ಡೆಗೆ ಕಾಯಬೇಡಿ.

## ಕಂಡರೂ ಹೆದರಬೇಡದವು

ಮೊದಲ ಸಲ ಬ್ಯಾಟರಿ ಹಿಡಿದು ಬಾಯಿ ನೋಡಿದವರು ರಾತ್ರಿಯೆಲ್ಲ ನಿದ್ದೆಗೆಟ್ಟು ಬೆಳಿಗ್ಗೆ ಓಡಿ ಬರುತ್ತಾರೆ. ಹಾಗೆ ಬರುವುದೇ ಒಳ್ಳೆಯದು, ನಾನು ಬೇಡ ಎನ್ನುವುದಿಲ್ಲ. ಆದರೂ ಬಹಳ ಮಂದಿಯ ಬಾಯಲ್ಲಿ ಸಹಜವಾಗಿ ಇರುವ ಕೆಲವನ್ನು ಗುರುತಿಟ್ಟುಕೊಳ್ಳಿ.

ನಾಲಿಗೆಯ ಬುಡದಲ್ಲಿ ಅಡ್ಡಸಾಲಾಗಿ ನಿಂತ ಎಂಟು ಹತ್ತು ದಪ್ಪ ಗುಳ್ಳೆಗಳು ರುಚಿಯ ಮೊಗ್ಗುಗಳನ್ನು ಹೊತ್ತ ಸಹಜ ಭಾಗ. ನಾಲಿಗೆಯ ಕೆಳಗಿನ ನೀಲಿ ಗೆರೆಗಳು ರಕ್ತನಾಳ. ಕೆನ್ನೆಯೊಳಗೆ ಮೇಲಿನ ದವಡೆ ಹಲ್ಲಿನ ಎದುರಿಗಿರುವ ಸಣ್ಣ ಮೊಳೆ ಜೊಲ್ಲಿನ ನಾಳದ ಬಾಯಿ. ಹಲ್ಲು ಕೂಡುವ ಮಟ್ಟದಲ್ಲಿ ಕೆನ್ನೆಯುದ್ದಕ್ಕೂ ಓಡುವ ತೆಳು ಬಿಳಿ ಗೆರೆ ಕಚ್ಚುವಿಕೆಯಿಂದಾದದ್ದು. ರವೆಯ ಕಾಳಿನಂಥ ಹಳದಿ ಚುಕ್ಕೆಗಳು ಎಣ್ಣೆ ಗ್ರಂಥಿಗಳು. ಅಂಗುಳದ ನಟ್ಟನಡುವೆ ಕಲ್ಲಿನಂತೆ ಗಟ್ಟಿ ಉಬ್ಬು ಕೆಲವರಿಗೆ ಸಹಜವಾಗಿಯೇ ಬೆಳೆದ ಎಲುಬು.

ಇವೆಲ್ಲ ಸಾಮಾನ್ಯವಾಗಿ ಎಡಕ್ಕಿದ್ದಂತೆ ಬಲಕ್ಕೂ ಇರುತ್ತವೆ, ಅಥವಾ ನಟ್ಟನಡುವೆ ಇರುತ್ತವೆ. ಒಂದೇ ಕಡೆ ಇದ್ದು ಇನ್ನೊಂದು ಕಡೆ ಇಲ್ಲದ್ದು ತೋರಿಸಬೇಕಾದದ್ದು.

## ಹಂತ 7: ತಾರೀಖು ಬರೆಯುವುದು

ಎಲ್ಲಕ್ಕಿಂತ ಹೆಚ್ಚು ಜನ ಸೋಲುವುದು ಇಲ್ಲಿ. ಹುಣ್ಣು ಯಾವಾಗ ಆಯಿತು ಎಂದರೆ "ಆತ್ರಿ ಒಂದೀಟು ದಿನಾ" ಅನ್ನುತ್ತಾರೆ. ಒಂದೀಟು ದಿನ ಎಂದರೆ ಹತ್ತು ದಿನವೂ ಆಗಬಹುದು, ಆರು ತಿಂಗಳೂ ಆಗಬಹುದು.

ಕಂಡ ದಿನವೇ ಕ್ಯಾಲೆಂಡರಿನಲ್ಲಿ ಬರೆಯಿರಿ: ಯಾವ ಕಡೆ, ಏನು, ಎಷ್ಟು ದೊಡ್ಡದು. ಶೇಂಗಾ ಕಾಳಿನಷ್ಟೋ ಜೋಳದ ಕಾಳಿನಷ್ಟೋ ಎಂದು ಬರೆದರೂ ಸಾಕು. ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ. ಅಂದಿನಿಂದ ತಂಬಾಕು, ಅಡಿಕೆ, ಸುಣ್ಣ ಆ ಬಾಯಿಗೆ ಸೋಕಬಾರದು. ಸಾಮಾನ್ಯ ಹುಣ್ಣು ಏಳರಿಂದ ಹದಿನಾಲ್ಕು ದಿನದಲ್ಲಿ ತಾನೇ ಮಾಯುತ್ತದೆ. ಅಮಾವಾಸ್ಯೆಗೆ ಕಂಡದ್ದು ಹುಣ್ಣಿಮೆಗೆ ಇನ್ನೂ ಇದ್ದರೆ ಮರುದಿನ ಡಾಕ್ಟರ ಹತ್ತಿರ ಹೋಗಬೇಕು. ಅಮಾವಾಸ್ಯೆಯ ತಪಾಸಣೆಯ ಇನ್ನೊಂದು ಅನುಕೂಲ ಎಂದಿದ್ದು ಇದನ್ನೇ. ಎಣಿಕೆ ಆಕಾಶದಲ್ಲೇ ಇರುತ್ತದೆ, ಮರೆಯಲಾಗದು. ನಡುವೆ ಬೇರೆ ದಿನ ಕಂಡರೆ ಆ ತಾರೀಖಿನಿಂದ ಹದಿನೈದು ಎಣಿಸಿ.

ಕಬ್ಬು ಕಡಿಯುವ ಗ್ಯಾಂಗಿನ ಒಬ್ಬರು ಹೆಂಡತಿಯ ಜೊತೆ ಬಂದಿದ್ದರು, ನಲವತ್ತರ ಆಸುಪಾಸು. ಕೆಳದವಡೆಯ ಹಲ್ಲು ಅಲುಗಾಡುತ್ತಿತ್ತೆಂದು ಬೇರೆಲ್ಲೋ ಕೀಳಿಸಿದ್ದರು, ಆ ಕುಳಿ ಮಾಯ್ದಿರಲಿಲ್ಲ. ಆಕೆ ಸೆರಗಿನ ಗಂಟು ಬಿಚ್ಚಿ ಹುಣ್ಣಿಗೆ ಹಚ್ಚುವ ಮುಲಾಮಿನ ಟ್ಯೂಬುಗಳನ್ನು ನನ್ನ ಮೇಜಿನ ಮೇಲಿಟ್ಟರು. ಏಳು ಟ್ಯೂಬು, ಪ್ರತಿಯೊಂದನ್ನೂ ತಳದಿಂದ ಅಚ್ಚುಕಟ್ಟಾಗಿ ಸುತ್ತಿ ಕೊನೆಯ ಹನಿಯವರೆಗೆ ಹಿಂಡಿದ್ದರು. "ದೀಪಾವಳಿ ಮುಂದ ಕಿತ್ತಿಸಿದ್ವಿ, ಸಂಕ್ರಮಣ ಆತು, ಇನ್ನ ಮಾಯವಲ್ದು" ಎಂದರು. ಔಷಧಿ ತಪ್ಪಿಸಿದವರಲ್ಲ. ಮೊದಲ ಟ್ಯೂಬ್ ಮುಗಿದ ದಿನ ಯಾರೂ ಅವರಿಗೆ, ಇಲ್ಲಿಗೆ ನಿಲ್ಲಿಸಿ ತೋರಿಸಿ ಎಂದು ಹೇಳಿರಲಿಲ್ಲ. ಇದನ್ನು ಬರೆಯಲು ಕೂತದ್ದು ಆ ಏಳು ಟ್ಯೂಬಿನಿಂದಾಗಿ.

ಒಂದು ಟ್ಯೂಬ್ ಮುಲಾಮು, ಒಂದು ಪಟ್ಟಿ ಬಿ-ಕಾಂಪ್ಲೆಕ್ಸ್ ಗುಳಿಗೆ, ಅಷ್ಟರಲ್ಲಿ ಮಾಯದಿದ್ದರೆ ಎರಡನೆಯದನ್ನು ಕೊಳ್ಳಬೇಡಿ.

## ಹದಿನೈದು ದಿನವೂ ಕಾಯದೆ ಹೊರಡಬೇಕಾದ ಲಕ್ಷಣಗಳು

ಹುಣ್ಣಿನ ಅಂಚು ಎದ್ದು ಗಡುಸಾಗಿದ್ದರೆ, ಮುಟ್ಟಿದರೆ ರಕ್ತ ಬಂದರೆ. ಒಸಡಿನ ರೋಗವಿಲ್ಲದೆ ಒಂದೆರಡೇ ಹಲ್ಲು ಅಲುಗಾಡಿದರೆ. ಕಿತ್ತ ಹಲ್ಲಿನ ಕುಳಿಯಲ್ಲಿ ಮಾಂಸ ಬೆಳೆದರೆ. ತುಟಿ, ಗದ್ದ ಅಥವಾ ನಾಲಿಗೆಯ ಒಂದು ಭಾಗ ಜೋಮು ಹಿಡಿದರೆ. ಕಿವಿಯಲ್ಲಿ ಏನೂ ಇಲ್ಲದೆ ಒಂದೇ ಕಡೆ ಕಿವಿ ನೋವು ಬಿಡದಿದ್ದರೆ. ಸರಿಯಾಗಿ ಕೂಡುತ್ತಿದ್ದ ಸೆಟ್ ಒಮ್ಮೆಲೇ ಕೂಡದಾದರೆ. ಮಾತು ತೊದಲಿದರೆ, ನುಂಗಲು ತಡೆದರೆ.

ಇಲ್ಲಿ ನೋವು ಎಂಬುದು ಒಂದೇ ಕಡೆ ಬಂದಿದೆ, ಗಮನಿಸಿ. ನೋವಿಲ್ಲವಲ್ಲ ಎಂಬ ಸಮಾಧಾನದಲ್ಲಿ ಬಹಳ ಮಂದಿ ತಡಮಾಡುತ್ತಾರೆ.

## ಹಂತ 8: ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ

ಹುಳುಕು ಹಲ್ಲಿಗೋ, ಹಲ್ಲು ಸ್ವಚ್ಛ ಮಾಡಿಸಲೋ ಹೋದಾಗಲೂ ಕುರ್ಚಿಯಲ್ಲಿ ಕೂತ ಕೂಡಲೇ ಹೇಳಿ: "ಡಾಕ್ಟರ, ಹಲ್ಲಿನಕಿಂತ ಮೊದಲ ಇಡೀ ಬಾಯಿ, ಕುತ್ತಿಗಿ ಒಮ್ಮೆ ನೋಡ್ರಿ." ಕೇಳಲು ಸಂಕೋಚ ಬೇಡ. ಅದು ನಮ್ಮ ಕೆಲಸ, ಐದು ನಿಮಿಷ ಹಿಡಿಯುತ್ತದೆ. ಡಾಕ್ಟರು ಕುತ್ತಿಗೆ ಮುಟ್ಟಿ ನೋಡಿದರೇ, ಬಟ್ಟೆಯಿಂದ ನಾಲಿಗೆ ಹಿಡಿದು ಅಂಚು ನೋಡಿದರೇ, ನಾಲಿಗೆ ಕೆಳಗೆ ಬೆರಳಿಟ್ಟು ಒತ್ತಿದರೇ, ಈ ಮೂರು ಆಗಿದ್ದರೆ ತಪಾಸಣೆ ಆಗಿದೆ ಎಂದು ತಿಳಿಯಿರಿ. ಬರೀ ಎಕ್ಸ್‌ರೇ ತೆಗೆದರೆ ಆಗುವುದಿಲ್ಲ, ಮೆತ್ತನೆಯ ಭಾಗದ ಆರಂಭದ ಮಚ್ಚೆ ಎಕ್ಸ್‌ರೇಯಲ್ಲಿ ಕಾಣದು.

ಚಟ ಮುಚ್ಚಿಡಬೇಡಿ. ಏನು, ದಿನಕ್ಕೆಷ್ಟು, ಎಷ್ಟು ವರ್ಷದಿಂದ, ಯಾವ ಕಡೆ ಇಡುತ್ತೀರಿ, ಎಲ್ಲ ಹೇಳಿ. ಮಾವನವರ ಮುಂದೆ, ಮಕ್ಕಳ ಮುಂದೆ ಹೇಳಲಾಗದಿದ್ದರೆ ಅವರನ್ನು ಹೊರಗೆ ಕೂರಿಸಲು ಡಾಕ್ಟರಿಗೆ ಕೇಳಿ.

ಹುಣ್ಣಿನ ಪಕ್ಕದ ಹಲ್ಲು ಅಲುಗಾಡುತ್ತಿದ್ದರೆ, ಕಿತ್ತುಬಿಡಿ ಎಂದು ನೀವಾಗಿ ಒತ್ತಾಯಿಸಬೇಡಿ. ಮೊದಲು ಹುಣ್ಣಿನ ನಿರ್ಧಾರ, ಆಮೇಲೆ ಹಲ್ಲು.

ಎಲ್ಲಿಗೆ ಹೋಗಬೇಕು? ಸರ್ಕಾರದ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಬಾಯಿಯ ತಪಾಸಣೆ ಸೇರಿದೆ, ನಿಮ್ಮ ಆಶಾ ಕಾರ್ಯಕರ್ತೆಯನ್ನೋ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಕೇಳಿ. ಮಚ್ಚೆ, ಹುಣ್ಣು ಈಗಾಗಲೇ ಇದ್ದವರು ದಂತ ಕಾಲೇಜಿಗೆ ಹೋಗುವುದು ವಾಸಿ, ಬಾಯಿಯ ರೋಗಕ್ಕೆಂದೇ ಅಲ್ಲಿ ಪ್ರತ್ಯೇಕ ವಿಭಾಗವಿರುತ್ತದೆ. ಬೆಳಗಾವಿಯಲ್ಲಿ ಕೆಎಲ್‌ಇ ಮತ್ತು ಮರಾಠಾ ಮಂಡಲ, ಬಾಗಲಕೋಟೆಯಲ್ಲಿ ಪಿಎಂಎನ್‌ಎಂ, ವಿಜಯಪುರದಲ್ಲಿ ಅಲ್-ಅಮೀನ್ ದಂತ ಕಾಲೇಜುಗಳಿವೆ.

## ಹಂತ 9: ಬಯಾಪ್ಸಿ

ಡಾಕ್ಟರು "ತುಣುಕು ತೆಗೆದು ಪರೀಕ್ಷೆಗೆ ಕಳಿಸೋಣ" ಎಂದ ಕೂಡಲೇ ಅರ್ಧ ಮಂದಿ ಎದ್ದು ಹೋಗುತ್ತಾರೆ. "ಕೊಯ್ದರ ಹಬ್ಬತೈತಿ" ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಗಟ್ಟಿಯಾಗಿ ಕೂತಿದೆ. ತುಣುಕು ತೆಗೆದದ್ದರಿಂದ ರೋಗ ಹಬ್ಬುವುದಿಲ್ಲ. ಕೊಯ್ಯಿಸದೆ ಕಳೆದ ತಿಂಗಳುಗಳಲ್ಲಿ ಹಬ್ಬಿರುತ್ತದೆ. ಬಾಯಿ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಖಚಿತವಾಗಿ ಹೇಳುವುದು ಈ ಪರೀಕ್ಷೆ ಮಾತ್ರ. ನೀಲಿ ಬಣ್ಣ ಹಚ್ಚಿ ನೋಡುವುದು, ಬ್ರಶ್ಶಿನಿಂದ ಉಜ್ಜಿ ಜೀವಕೋಶ ತೆಗೆಯುವುದು ಜಾಗ ಗುರುತಿಸಲು ನೆರವಾಗುತ್ತವೆ, ಬಯಾಪ್ಸಿಯ ಬದಲಿಗೆ ಬರುವುದಿಲ್ಲ.

ಜಾಗಕ್ಕೆ ಜೋಮಿನ ಇಂಜೆಕ್ಷನ್ ಕೊಟ್ಟು ಕಾಳಿನಷ್ಟು ತುಣುಕು ತೆಗೆದು, ಒಂದೆರಡು ಹೊಲಿಗೆ ಹಾಕುತ್ತಾರೆ. ಊಟ ಮಾಡಿಕೊಂಡೇ ಹೋಗಿ. ರಕ್ತ ತೆಳುವಾಗುವ ಗುಳಿಗೆ, ಸಕ್ಕರೆ, ಬಿಪಿ ಗುಳಿಗೆಗಳ ಚೀಟಿ ತೋರಿಸಿ, ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಅವತ್ತು ಬಿಸಿ, ಖಾರ ಬೇಡ, ಗಂಜಿ, ಮಜ್ಜಿಗೆ ಅನ್ನ ಸಾಕು.

## ಹಂತ 10: ವರದಿ ಕೈಗೆ ಬಂದ ಮೇಲೆ

ವರದಿ ತರಲು ಹೋಗುವುದನ್ನೇ ಬಿಡುವವರಿದ್ದಾರೆ. ತುಣುಕು ಕೊಟ್ಟ ದಿನವೇ ವರದಿಯ ತಾರೀಖು ಕೇಳಿ, ಅದನ್ನೂ ಕ್ಯಾಲೆಂಡರಿನಲ್ಲಿ ಬರೆಯಿರಿ.

ವರದಿಯಲ್ಲಿ ಡಿಸ್‌ಪ್ಲೇಸಿಯಾ ಎಂದಿದ್ದರೆ ಕ್ಯಾನ್ಸರ್ ಇನ್ನೂ ಆಗಿಲ್ಲ, ಜೀವಕೋಶ ದಾರಿ ತಪ್ಪುತ್ತಿವೆ ಎಂದರ್ಥ. ಸೌಮ್ಯವೋ ತೀವ್ರವೋ ಎಂಬುದರ ಮೇಲೆ ಮಚ್ಚೆ ತೆಗೆಯುವುದೋ ಕಾಯ್ದು ನೋಡುವುದೋ ತೀರ್ಮಾನವಾಗುತ್ತದೆ. ಕ್ಯಾನ್ಸರ್ ಅಲ್ಲ ಎಂದು ಬಂದರೂ ಮಚ್ಚೆ ಉಳಿದಿದ್ದರೆ ಡಾಕ್ಟರು ಹೇಳಿದ ಅಂತರದಲ್ಲಿ ಮತ್ತೆ ತೋರಿಸಬೇಕು, ಮನೆಯ ಅಮಾವಾಸ್ಯೆ ತಪಾಸಣೆ ನಿಲ್ಲಿಸಬಾರದು. ತಂಬಾಕು ಬಿಡಲು ಒಬ್ಬರೇ ಒದ್ದಾಡಬೇಡಿ, 1800-11-2356 ಉಚಿತ ಸಹಾಯವಾಣಿ.

ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ ಎಂದು ಬಂದರೆ ಅದು ಕ್ಯಾನ್ಸರ್. ನಾಟಿ ಔಷಧಿ ಒಂದು ತಿಂಗಳು ನೋಡೋಣ ಎಂದು ಹೇಳುವ ನೆಂಟರು ಆ ವಾರವೇ ಮನೆಗೆ ಬರುತ್ತಾರೆ. ಆ ತಿಂಗಳು ನಿಮ್ಮ ಹತ್ತಿರ ಇಲ್ಲ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ರೇಷನ್ ಕಾರ್ಡ್, ಆಧಾರ್ ಹಿಡಿದು ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ರೆಫರಲ್ ಚೀಟಿ ಮಾಡಿಸಿ. ಅದಿಲ್ಲದೆ ಹೋಗಿ ಕೌಂಟರಿನಿಂದ ವಾಪಸ್ ಬಂದವರನ್ನು ನಾನು ನೋಡಿದ್ದೇನೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರೂ ಜಿಲ್ಲೆಯಿಂದ ಬಹಳ ಮಂದಿ ಹೋಗುವುದು ನವನಗರದ ಕ್ಯಾನ್ಸರ್ ದವಾಖಾನೆಗೆ. ಬಾಗಲಕೋಟೆಯವರು ಗಮನಿಸಿ, ಅದು ನಮ್ಮ ನವನಗರವಲ್ಲ, ಹುಬ್ಬಳ್ಳಿಯ ನವನಗರ. ಬೆಂಗಳೂರಿಗೆ ಹೋಗಬಲ್ಲವರಿಗೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಎಲ್ಲಿಗೇ ಹೋಗಿ, ಬರೀ ವರದಿಯ ಕಾಗದ ಒಯ್ಯಬೇಡಿ. ಬಯಾಪ್ಸಿ ಮಾಡಿದ ಕಡೆ ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕ್ ಕೇಳಿ ಪಡೆಯಿರಿ. ಅಲ್ಲಿನ ಡಾಕ್ಟರು ಅದನ್ನೇ ಮತ್ತೆ ನೋಡುತ್ತಾರೆ, ಎರಡನೇ ಸಲ ತುಣುಕು ತೆಗೆಯುವುದು ತಪ್ಪಬಹುದು. ಸ್ಲೈಡನ್ನು ಹತ್ತಿಯಲ್ಲಿ ಸುತ್ತಿ ಗಟ್ಟಿ ಡಬ್ಬಿಯಲ್ಲಿ ಇಡಿ, ಬ್ಲಾಕನ್ನು ಬಸ್ಸಿನ ಕಿಟಕಿಯ ಬಿಸಿಲಿಗೆ ಇಡಬೇಡಿ, ಮೇಣ ಕರಗುತ್ತದೆ.